ಗುಟ್ಟು ಬಿಡದೆ ಕೊಡುವ ರುಜುವಾತು

1535ನೆಯ ಇಸವಿಯಲ್ಲಿ ಇಟಲಿಯ ವೆನಿಸ್ ನಗರದಲ್ಲಿ ಒಂದು ವಿಚಿತ್ರವಾದ ಪಂದ್ಯ ನಡೆಯಿತು. ಎದುರುಬದುರಾದವರು ಕತ್ತಿವರಸೆಯ ಪಟುಗಳಲ್ಲ, ಗಣಿತವನ್ನು ಬಲ್ಲವರು. ಒಬ್ಬನು ನಿಕೊಲೊ ಟಾರ್ಟಾಲಿಯ, ಇನ್ನೊಬ್ಬನು ಆಂಟೋನಿಯೊ ಫಿಯೋರ್. ಒಬ್ಬೊಬ್ಬನೂ ಎದುರಾಳಿಗೆ ಮೂವತ್ತು ಲೆಕ್ಕಗಳನ್ನು ಒಡ್ಡಬೇಕೆಂದು ಗೊತ್ತಾಗಿತ್ತು. ಫಿಯೋರನು ಒಡ್ಡಿದ ಮೂವತ್ತೂ ಘನ ಸಮೀಕರಣದ ಲೆಕ್ಕಗಳೇ. ಅವನ್ನು ಬಿಡಿಸುವ ಕ್ರಮ ಗುರುವಿನಿಂದ ತನಗೆ ಬಂದಿದೆಯೆಂದೂ ಬೇರೆ ಯಾರಿಗೂ ತಿಳಿಯದೆಂದೂ ಅವನ ಧೈರ್ಯ. ಆದರೆ ಟಾರ್ಟಾಲಿಯ ಆ ಕ್ರಮವನ್ನು ಸ್ವಂತವಾಗಿ ಕಂಡುಹಿಡಿದಿದ್ದನು. ಮೂವತ್ತನ್ನೂ ಬಿಡಿಸಿ ಗೆದ್ದನು.

ಇಲ್ಲಿ ನಾವು ಗಮನಿಸತಕ್ಕ ಅಂಶವೊಂದಿದೆ. ಟಾರ್ಟಾಲಿಯನು ಉತ್ತರಗಳನ್ನು ಕೊಟ್ಟನೇ ಹೊರತು ಕ್ರಮವನ್ನು ಹೇಳಲಿಲ್ಲ. ಉತ್ತರವನ್ನು ಸಮೀಕರಣದಲ್ಲಿಟ್ಟು ಗುಣಿಸಿ ನೋಡಿದರೆ ಸರಿಯೋ ತಪ್ಪೋ ಯಾರಿಗಾದರೂ ಗೊತ್ತಾಗುತ್ತದೆ. ಆದಕಾರಣ ಆತನಿಗೆ ವಿದ್ಯೆ ಇದೆಯೆಂಬುದು ಎಲ್ಲರಿಗೂ ಸಿದ್ಧವಾಯಿತು. ವಿದ್ಯೆ ಮಾತ್ರ ಆತನಲ್ಲಿಯೇ ಉಳಿಯಿತು. ಮುಂದೆ 1539ರಲ್ಲಿ ಕಾರ್ಡಾನೊ ಎಂಬ ಪಂಡಿತನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಆ ಕ್ರಮವನ್ನು ತಿಳಿದುಕೊಂಡನು. 1545ರಲ್ಲಿ ಅದು ಕಾರ್ಡಾನೊವಿನ ಗ್ರಂಥದಲ್ಲಿ ಅಚ್ಚಾಗಿ ಹೊರಬಂದಿತು. ಟಾರ್ಟಾಲಿಯನ ಕೋಪ ಕೊನೆಯವರೆಗೂ ಆರಲಿಲ್ಲ. ಬಾಯಿಂದ ಹೊರಬಿದ್ದ ಗುಟ್ಟು ಮತ್ತೆ ಹೇಳಿದವನ ವಶಕ್ಕೆ ಬರುವುದಿಲ್ಲ.

ಹಾಗಾದರೆ, ನನಗೆ ಒಂದು ವಿಷಯ ತಿಳಿದಿದೆಯೆಂದು ಇನ್ನೊಬ್ಬರಿಗೆ ಖಂಡಿತವಾಗಿ ತೋರಿಸಿಕೊಟ್ಟೂ, ಆ ವಿಷಯದ ಎಳ್ಳಷ್ಟನ್ನೂ ಅವರಿಗೆ ಕೊಡದಿರುವುದು ಸಾಧ್ಯವೆ? ಟಾರ್ಟಾಲಿಯನು ಸಹ ಇದನ್ನು ಪೂರ್ತಿಯಾಗಿ ಸಾಧಿಸಲಿಲ್ಲ; ಮೂವತ್ತು ಉತ್ತರಗಳನ್ನು ಮುಂದಿಟ್ಟುಕೊಂಡು ಬುದ್ಧಿವಂತನೊಬ್ಬನು ಕ್ರಮವನ್ನು ಊಹಿಸಲು ಹೊರಡಬಹುದಾಗಿತ್ತು. ಏನೂ ಸೋರದಂಥ ರುಜುವಾತು ಉಂಟೆಂದು ಸ್ಪಷ್ಟವಾಗಿ ತೋರಿಸಿದವರು ಷಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ ಮತ್ತು ಚಾರ್ಲ್ಸ್ ರಾಕಾಫ್ ಎಂಬ ಮೂವರು. ಅವರ ಪ್ರಬಂಧ 1985ರಲ್ಲಿ ಪ್ರಕಟವಾಯಿತು. ಇಂಥದಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಶೂನ್ಯಜ್ಞಾನ ರುಜುವಾತು’ ಎನ್ನಬಹುದು. ಇದು ಬರಿಯ ಕೌತುಕವಲ್ಲ. ನಾವು ಯಾವುದಾದರೊಂದು ಗಣಕಯಂತ್ರಕ್ಕೆ ಗುಪ್ತಪದವನ್ನು ತಿಳಿಸಿದಾಗಲೆಲ್ಲ ಕಾರ್ಡಾನೊವಿಗೆ ಗುಟ್ಟು ಹೇಳಿದ ಟಾರ್ಟಾಲಿಯನ ಸ್ಥಿತಿಯಲ್ಲಿಯೇ ಇರುತ್ತೇವೆ. ಕೇಳಿಸಿಕೊಂಡವನು ಕಳ್ಳನಾಗಿದ್ದರೆ, ಇಲ್ಲವೆ ಅವನ ಮನೆಗೆ ಕಳ್ಳನು ನುಗ್ಗಿದರೆ, ನಮ್ಮ ಗುಟ್ಟು ಹೋದಂತೆಯೇ.

ಎರಡು ಬಾವಿಗಳ ನೀರು

ಮೊದಲು ಗಣಿತವಿಲ್ಲದ ಒಂದು ಉದಾಹರಣೆಯನ್ನು ನೋಡೋಣ. ಒಂದು ಊರಿನಲ್ಲಿ ಎರಡು ಬಾವಿಗಳಿವೆ. ನಮ್ಮ ನಾಲಿಗೆಗೆ ಎರಡರ ನೀರೂ ಒಂದೇ. ಆದರೆ ಊರಿನ ಹಿರಿಯರೊಬ್ಬರು, “ಎರಡಕ್ಕೂ ರುಚಿ ಬೇರೆ, ನಾನು ಗುರುತಿಸಬಲ್ಲೆ” ಎನ್ನುತ್ತಾರೆ. ಹೇಗೆಂದು ಕೇಳಿದರೆ ಹೇಳಲೊಲ್ಲರು. ನಂಬುವುದು ಹೇಗೆ?

ನಾವು ಗೋಡೆಯ ಮರೆಗೆ ಹೋಗಿ ಒಂದು ಕಾಸನ್ನು ಚಿಮ್ಮುತ್ತೇವೆ. ತಲೆ ಬಿದ್ದರೆ ಮೊದಲನೆಯ ಬಾವಿಯ ನೀರು, ಬಾಲ ಬಿದ್ದರೆ ಎರಡನೆಯದು. ಲೋಟವನ್ನು ತಂದು ಅವರ ಕೈಗೆ ಕೊಡುತ್ತೇವೆ. ಅವರು ಕುಡಿದು ಯಾವ ಬಾವಿಯದೆಂದು ಹೇಳುತ್ತಾರೆ. ಒಂದು ಸಲ ಸರಿಯಾಗಿ ಹೇಳಿದರೆ ಅದು ಅದೃಷ್ಟವಿರಬಹುದು. ಎರಡು ಸಲ ಹಾಗಾಗುವ ಸಂಭವ ನಾಲ್ಕರಲ್ಲಿ ಒಂದು, ಮೂರು ಸಲ ಎಂಟರಲ್ಲಿ ಒಂದು. ಇಪ್ಪತ್ತು ಸಲವೂ ಬರಿಯ ಊಹೆಯಿಂದ ಸರಿಹೋಗುವ ಸಂಭವ 10,48,576ರಲ್ಲಿ ಒಂದು. ಇಪ್ಪತ್ತು ಲೋಟಗಳಾದ ಮೇಲೆ ನಾವು ತಲೆಬಾಗಲೇಬೇಕು.

ಈಗ ಯೋಚಿಸಿ: ಆ ಹಿರಿಯರು ನಮಗೆ ಏನನ್ನು ತಿಳಿಸಿದರು? ‘ಇದು ಎರಡನೆಯ ಬಾವಿಯದು’ ಎಂದು ಅವರು ಹೇಳಿದಾಗ ಅದು ನಮಗೆ ಮೊದಲೇ ತಿಳಿದಿತ್ತು. ಆ ನೀರನ್ನು ಸೇದಿದವರೇ ನಾವು. ಅವರ ಬಾಯಿಂದ ನಾವು ಕೇಳಿದ್ದೆಲ್ಲ ನಮಗೆ ಗೊತ್ತಿದ್ದದ್ದೇ. ಆದರೂ ಆಟದ ಕೊನೆಗೆ ನಮ್ಮ ಸಂದೇಹ ಕಳೆಯಿತು. ಶೂನ್ಯಜ್ಞಾನದ ತಿರುಳೆಲ್ಲ ಇಷ್ಟರಲ್ಲಿಯೇ ಇದೆ. ವಾದಿಯಿಂದ ಪರೀಕ್ಷಕನು ಕೇಳುವುದನ್ನೆಲ್ಲ ಪರೀಕ್ಷಕನು ತಾನೊಬ್ಬನೇ ಕುಳಿತು ಬರೆದುಕೊಳ್ಳಬಹುದಾಗಿದ್ದರೆ, ವಾದಿಯಿಂದ ಅವನಿಗೆ ಹೊಸದಾಗಿ ಏನೂ ಸಿಕ್ಕಿಲ್ಲವೆಂದೇ ಅರ್ಥ.

ಇಂಥ ರುಜುವಾತಿಗೆ ಮೂರು ಲಕ್ಷಣಗಳಿರಬೇಕು. ವಾದಿಯ ಮಾತು ನಿಜವಾಗಿದ್ದರೆ ಪರೀಕ್ಷಕನು ಒಪ್ಪುವಂತಾಗಬೇಕು; ಇದು ಪೂರ್ಣತೆ. ಮಾತು ಸುಳ್ಳಾಗಿದ್ದರೆ, ಅತ್ಯಲ್ಪ ಸಂಭವವನ್ನು ಬಿಟ್ಟು, ಮೋಸ ನಡೆಯಬಾರದು, ಇದು ದೃಢತೆ. ಪರೀಕ್ಷಕನಿಗೆ ಮಾತಿನ ಸತ್ಯವೊಂದನ್ನುಳಿದು ಬೇರೇನೂ ತಿಳಿಯಬಾರದು, ಇದು ಶೂನ್ಯಜ್ಞಾನ. ಮೂರನೆಯದರಲ್ಲಿ ಒಂದು ಸೂಕ್ಷ್ಮವುಂಟು. ಪರೀಕ್ಷಕನು ಕಪಟಿಯಾಗಿ, ಎಲ್ಲಿಂದ ಬಂತೆಂದು ತನಗೇ ತಿಳಿಯದ ಒಂದು ಕೊಡದ ನೀರನ್ನು ತಂದಿಟ್ಟರೆ, ಹಿರಿಯರ ಉತ್ತರದಿಂದ ಅವನಿಗೆ ಹೊಸ ಸಂಗತಿ ತಿಳಿದುಬಿಡುತ್ತದೆ! ಆದುದರಿಂದ ಪರೀಕ್ಷಕನು ನಿಯಮವನ್ನು ಮುರಿದರೂ ಗುಟ್ಟು ಸೋರದಂತೆ ಆಟವನ್ನು ಕಟ್ಟಬೇಕು. ಮೇಲಿನ ಮೂವರು ಈ ಕಪಟವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ತಮ್ಮ ವ್ಯಾಖ್ಯೆಯನ್ನು ರಚಿಸಿದರು.

ಮುಚ್ಚಿಟ್ಟ ಬಣ್ಣಗಳು

ನೀರಿನ ರುಚಿಗೆ ಒಂದು ಉಪಾಯ ದೊರೆಯಿತು. ಬೇರೆ ಪ್ರಶ್ನೆಗಳಿಗೂ ಹೀಗೆಯೇ ದೊರೆಯುವುದೆ? 1986ರಲ್ಲಿ ಓಡೆಡ್ ಗೋಲ್ಡ್‌ರೈಕ್, ಮಿಕಾಲಿ ಮತ್ತು ಆವಿ ವಿಗ್ಡರ್‌ಸನ್ ಇದಕ್ಕೆ ಆಶ್ಚರ್ಯಕರವಾದ ಉತ್ತರವನ್ನು ಕೊಟ್ಟರು. ಉತ್ತರ ಕೈಗೆ ಸಿಕ್ಕಮೇಲೆ ಅದನ್ನು ಬೇಗನೆ ಪರೀಕ್ಷಿಸಬಹುದಾದ ಪ್ರತಿಯೊಂದು ಪ್ರಶ್ನೆಗೂ ಶೂನ್ಯಜ್ಞಾನ ರುಜುವಾತನ್ನು ರಚಿಸಬಹುದೆಂದು ಅವರು ತೋರಿಸಿದರು. ಅದಕ್ಕಾಗಿ ಅವರು ಆರಿಸಿಕೊಂಡದ್ದು ಬಣ್ಣ ಹಚ್ಚುವ ಒಂದು ಪ್ರಶ್ನೆ.

ಒಂದು ಭೂಪಟದಲ್ಲಿ 400 ಪ್ರಾಂತಗಳೂ ಅವುಗಳ ನಡುವೆ 1000 ಗಡಿಗಳೂ ಇವೆಯೆನ್ನೋಣ. ನೆರೆಯ ಪ್ರಾಂತಗಳಿಗೆ ಒಂದೇ ಬಣ್ಣ ಬಾರದಂತೆ ಪಟವನ್ನು ತುಂಬಲು ನಾಲ್ಕು ಬಣ್ಣಗಳು ಯಾವಾಗಲೂ ಸಾಕೆಂದು 1976ರಲ್ಲಿ ಸಿದ್ಧವಾಗಿದೆ. ಆದರೆ ಮೂರೇ ಬಣ್ಣಗಳಿಂದ ಆಗುವುದೋ ಇಲ್ಲವೋ ಎಂದು ಕಂಡುಹಿಡಿಯುವುದು ದೊಡ್ಡ ಪಟಗಳಲ್ಲಿ ಬಲು ಕಷ್ಟ. ವಾದಿಗೆ ಹಾಗೆ ತುಂಬುವ ರೀತಿ ಗೊತ್ತಿದೆ. ಅದನ್ನು ತೋರಿಸದೆ ನಂಬಿಸಬೇಕು.

ಅವನು ಪರೀಕ್ಷಕನನ್ನು ಹೊರಗೆ ಕಳುಹಿಸಿ ಪಟಕ್ಕೆ ಬಣ್ಣ ಹಚ್ಚಿ, ಪ್ರತಿಯೊಂದು ಪ್ರಾಂತದ ಮೇಲೂ ಒಂದು ಮುಚ್ಚಳವಿಡುತ್ತಾನೆ. ಪರೀಕ್ಷಕನು ಒಳಗೆ ಬಂದು ತನಗೆ ತೋಚಿದ ಒಂದು ಗಡಿಯನ್ನು ತೋರಿಸುತ್ತಾನೆ. ಆ ಗಡಿಯ ಎರಡು ಕಡೆಯ ಮುಚ್ಚಳಗಳನ್ನು ಮಾತ್ರ ತೆಗೆಯಬೇಕು. ಬಣ್ಣಗಳು ಬೇರೆಬೇರೆಯಾಗಿದ್ದರೆ ಆ ಸುತ್ತಿನಲ್ಲಿ ವಾದಿ ಗೆದ್ದಂತೆ. ಮುಂದಿನ ಸುತ್ತಿಗೆ ಮೊದಲು ವಾದಿಯು ಮೂರು ಬಣ್ಣಗಳನ್ನು ತಮ್ಮತಮ್ಮಲ್ಲಿ ಅದಲುಬದಲು ಮಾಡುತ್ತಾನೆ. ಕೆಂಪಿದ್ದಲ್ಲಿ ಹಸುರು, ಹಸುರಿದ್ದಲ್ಲಿ ನೀಲಿ, ಹೀಗೆ. ಪ್ರತಿ ಸುತ್ತಿನಲ್ಲಿಯೂ ಪರೀಕ್ಷಕನಿಗೆ ಕಾಣುವುದು ಚೀಟಿ ಎತ್ತಿದಂತೆ ಬಂದ ಎರಡು ಬೇರೆ ಬಣ್ಣಗಳು. ಹಿಂದಿನ ಸುತ್ತಿನಲ್ಲಿ ಕಂಡದ್ದಕ್ಕೂ ಇದಕ್ಕೂ ಹೊಂದಿಕೆಯಿಲ್ಲ; ಆದಕಾರಣ ತುಣುಕುಗಳನ್ನು ಕೂಡಿಸಿ ಪಟವನ್ನು ಕಟ್ಟುವುದು ಸಾಧ್ಯವಿಲ್ಲ.

ಆಟವೆಲ್ಲ ಮುಚ್ಚಳದ ಮೇಲೆ ನಿಂತಿದೆ. ಅದರೊಳಗೆ ಇಣುಕಿ ನೋಡಲಾಗಬಾರದು. ಮುಚ್ಚಿದ ಮೇಲೆ ಒಳಗಿನ ಬಣ್ಣವನ್ನು ಬದಲಾಯಿಸಲೂ ಆಗಬಾರದು. ಇಂಥ ಮುಚ್ಚಳ ಹೊಸ ಕಲ್ಪನೆಯೇನಲ್ಲ. 1610ರಲ್ಲಿ ಗೆಲಿಲಿಯೊ ಶನಿಗ್ರಹವು ಮೂರು ಕಾಯಗಳಂತೆ ಕಾಣುವುದನ್ನು ಕಂಡಾಗ, ಅದನ್ನು ಹೇಳುವ ವಾಕ್ಯದ ಅಕ್ಷರಗಳನ್ನು ಕಲಸಿ ವಿದ್ವಾಂಸರಿಗೆ ಕಳುಹಿಸಿದನು. ಬೇರೆಯವರಿಗೆ ವಿಷಯ ತಿಳಿಯದು. ಮುಂದೆ ಯಾರಾದರೂ ತಕರಾರು ತೆಗೆದರೆ ಮೊದಲು ಕಂಡವನು ತಾನೆಂದು ತೋರಿಸಬಹುದು. ಆದರೆ ಅದೊಂದು ಸಡಿಲವಾದ ಮುಚ್ಚಳ. ಕೆಪ್ಲರನು ಹೆಚ್ಚುಕಡಿಮೆ ಅವೇ ಅಕ್ಷರಗಳನ್ನು ಜೋಡಿಸಿ, ಮಂಗಳನಿಗೆ ಎರಡು ಉಪಗ್ರಹಗಳಿವೆಯೆಂಬ ಬೇರೊಂದು ಅರ್ಥವನ್ನೇ ಹೊರಡಿಸಿಬಿಟ್ಟನು! ಈಗಿನ ಗೂಢಲಿಪಿ ಶಾಸ್ತ್ರದಲ್ಲಿ ಈ ಕೆಲಸಕ್ಕೆ ‘ಹ್ಯಾಷ್’ ಎಂಬ ಲೆಕ್ಕವಿದೆ. ಎಷ್ಟೇ ದೊಡ್ಡ ಬರಹವನ್ನು ಕೊಟ್ಟರೂ ಅದನ್ನು ಅರೆದು 32 ಬೈಟುಗಳ ಒಂದು ಮುದ್ರೆಯನ್ನು ಕೊಡುತ್ತದೆ. ಮುದ್ರೆಯಿಂದ ಬರಹವನ್ನು ಹಿಂದಕ್ಕೆ ಪಡೆಯುವ ದಾರಿಯಾಗಲಿ, ಒಂದೇ ಮುದ್ರೆಗೆ ಹೊಂದುವ ಎರಡು ಬರಹಗಳನ್ನು ಹುಡುಕುವ ದಾರಿಯಾಗಲಿ ಯಾರಿಗೂ ತಿಳಿಯದು. ಬಣ್ಣದ ಹೆಸರಿಗೆ ಒಂದು ದೊಡ್ಡ ಯಾದೃಚ್ಛಿಕ ಸಂಖ್ಯೆಯನ್ನು ಸೇರಿಸಿ ಮುದ್ರೆ ತೆಗೆದರೆ ಒಳ್ಳೆಯ ಮುಚ್ಚಳವಾಯಿತು.

ಬೆಲೆ ಎಷ್ಟು?

ತತ್ತ್ವತಃ ಪ್ರಶ್ನೆ ತೀರಿತು. ಆದರೆ ವ್ಯವಹಾರದಲ್ಲಿ ಬೆಲೆಯನ್ನೂ ನೋಡಬೇಕಲ್ಲವೆ? ಮೋಸಗಾರನ ಪಟದಲ್ಲಿ ಒಂದೇ ಒಂದು ಗಡಿ ತಪ್ಪಾಗಿದ್ದರೆ, ಒಂದು ಸುತ್ತಿನಲ್ಲಿ ಅವನು ಸಿಕ್ಕಿಬೀಳುವ ಸಂಭವ ಸಾವಿರದಲ್ಲಿ ಒಂದು. ತಪ್ಪಿಸಿಕೊಳ್ಳುವುದು 999 ಪಾಲು. ಅವನಿಗೆ ಉಳಿಯುವ ಸಂಭವ ಸುಮಾರು ಐವತ್ತು ಕೋಟಿಯಲ್ಲಿ ಒಂದಕ್ಕೆ ಇಳಿಯಬೇಕಾದರೆ 20,000 ಸುತ್ತುಗಳು ಬೇಕು. ಪ್ರತಿ ಸುತ್ತಿಗೆ 400 ಮುದ್ರೆಗಳು, ಒಂದೊಂದಕ್ಕೆ 32 ಬೈಟು. ಅಂದರೆ ಸುತ್ತಿಗೆ 12,800 ಬೈಟು. ಒಟ್ಟು ಇಪ್ಪತ್ತೈದು ಕೋಟಿ ಅರವತ್ತು ಲಕ್ಷ ಬೈಟುಗಳನ್ನು ಸಾಗಿಸಬೇಕು! ನಾನೂರು ಪ್ರಾಂತಗಳ ಒಂದು ಪುಟ್ಟ ಪಟಕ್ಕೆ ಇಷ್ಟಾದರೆ, ನಿಜವಾದ ಲೆಕ್ಕಗಳನ್ನು ಪಟಗಳಾಗಿ ಮಾರ್ಪಡಿಸಿದಾಗ ಹೇಳುವುದೇನು? ಶೂನ್ಯಜ್ಞಾನದ ಮುಂದಿನ ಚರಿತ್ರೆಯ ಬಹುಭಾಗ ಈ ಬೆಲೆಯನ್ನು ಇಳಿಸಿದ ಚರಿತ್ರೆಯೇ ಆಗಿದೆ.

ಒಂದೇ ಸುತ್ತಿನ ಉಪಾಯ

ಸರ್ವಸಾಧಾರಣವಾದ ಉಪಾಯವನ್ನು ಬಿಟ್ಟು ಒಂದು ಗೊತ್ತಾದ ಪ್ರಶ್ನೆಗೆ ತಕ್ಕ ಉಪಾಯವನ್ನು ಹುಡುಕಿದರೆ ಬೆಲೆ ಬಹಳ ಇಳಿಯುತ್ತದೆ. 1989ರಲ್ಲಿ ಜರ್ಮನಿಯ ಕ್ಲಾಸ್ ಶ್ನೋರ್ ಇಂಥದೊಂದನ್ನು ಕೊಟ್ಟನು. ವಾಚಕರು ಕಾಗದ ಪೆನ್ಸಿಲು ಹಿಡಿದು ಜೊತೆಗೆ ಲೆಕ್ಕ ಮಾಡಬೇಕೆಂದು ಕೋರುತ್ತೇವೆ.

ಇಲ್ಲಿ ಎಲ್ಲ ಸಂಖ್ಯೆಗಳನ್ನೂ 23ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳುವುದು. 2ರ ಘಾತಗಳನ್ನು ಬರೆದರೆ 2, 4, 8, 16, 9, 18, 13, 3, 6, 12, 1 ಎಂದು ಬರುತ್ತವೆ. ಹನ್ನೊಂದನೆಯ ಘಾತಕ್ಕೆ 1 ಬಂದು ಚಕ್ರ ಮತ್ತೆ ಮೊದಲಾಗುತ್ತದೆ. ಆದುದರಿಂದ ಘಾತಸೂಚಿಗಳನ್ನು 11ರಿಂದ ಭಾಗಿಸಿ ಶೇಷವಿಟ್ಟುಕೊಂಡರೆ ಸಾಕು.

ವಾದಿಯ ಗುಟ್ಟು 7. ಅವನು ಲೋಕಕ್ಕೆಲ್ಲ ಪ್ರಕಟಿಸಿರುವುದು 2⁷, ಅಂದರೆ 13. ‘13 ಎಂಬುದು 2ರ ಎಷ್ಟನೆಯ ಘಾತ?’ ಎಂಬ ಪ್ರಶ್ನೆ ಈ ಪುಟ್ಟ ಪಟ್ಟಿಯಲ್ಲಿ ಸುಲಭ. 23ರ ಬದಲು ಆರುನೂರು ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆಯನ್ನು ಸರಿಯಾಗಿ ಆರಿಸಿಕೊಂಡರೆ, ಈಗಿನ ಗಣಕಯಂತ್ರಗಳಿಂದ ಅದನ್ನು ಬಿಡಿಸುವ ದಾರಿ ಯಾರಿಗೂ ತಿಳಿಯದು.

ಆಟದಲ್ಲಿ ಮೂರು ಹೆಜ್ಜೆಗಳು. ವಾದಿಯು ಆಗಿಂದಾಗ ಒಂದು ಯಾದೃಚ್ಛಿಕ ಸಂಖ್ಯೆಯನ್ನು, 5 ಎನ್ನೋಣ, ಆರಿಸಿ 2⁵ ಅಂದರೆ 9ನ್ನು ಕಳುಹಿಸುತ್ತಾನೆ, ಇದು ಮುಂಗಡ. ಪರೀಕ್ಷಕನು 0ಯಿಂದ 10ರೊಳಗೆ ಒಂದು ಸವಾಲನ್ನು, 3 ಎನ್ನೋಣ, ಕೊಡುತ್ತಾನೆ. ವಾದಿಯು ಗುಟ್ಟನ್ನು ಸವಾಲಿನಿಂದ ಗುಣಿಸಿ ಯಾದೃಚ್ಛಿಕ ಸಂಖ್ಯೆಯನ್ನು ಕೂಡಿಸುತ್ತಾನೆ: 5 + 3 × 7 = 26, ಅಂದರೆ 4. ಇದು ಉತ್ತರ. ಪರೀಕ್ಷಕನು ನೋಡುವುದು ಇಷ್ಟೆ: 2⁴ = 16. ಮುಂಗಡವನ್ನು 13ರ ಮೂರನೆಯ ಘಾತದಿಂದ ಗುಣಿಸಿದರೆ 9 × 12 = 108, ಶೇಷ 16. ಎರಡೂ ಸಮ, ವಾದಿ ಗೆದ್ದನು. 4 ಎಂಬ ಉತ್ತರದಿಂದ 7ನ್ನು ತೆಗೆಯಲು 5 ಎಷ್ಟೆಂದು ತಿಳಿದಿರಬೇಕು. ಅದು 9ರ ಮುಚ್ಚಳದೊಳಗಿದೆ.

ಗುಟ್ಟನ್ನರಿಯದವನು ಗೆಲ್ಲಬಹುದೆ? ಒಂದೇ ಮುಂಗಡಕ್ಕೆ ಎರಡು ಬೇರೆ ಸವಾಲುಗಳನ್ನು ಉತ್ತರಿಸಬಲ್ಲವನಿದ್ದರೆ ಅವನಿಗೆ ಗುಟ್ಟು ತಿಳಿದಂತೆಯೇ. ಸವಾಲು 3ಕ್ಕೆ ಉತ್ತರ 4; ಸವಾಲು 5ಕ್ಕೆ 5 + 35 = 40, ಅಂದರೆ 7. ಉತ್ತರಗಳ ವ್ಯತ್ಯಾಸ 3, ಸವಾಲುಗಳ ವ್ಯತ್ಯಾಸ 2. ಯಾವ ಸಂಖ್ಯೆಯನ್ನು 2ರಿಂದ ಗುಣಿಸಿ 11ರಿಂದ ಭಾಗಿಸಿದರೆ ಶೇಷ 3 ಉಳಿಯುತ್ತದೆ? 7. ಗುಟ್ಟು ಹೊರಬಿತ್ತು. ಹೀಗಾಗಿ ಅರಿಯದವನು ಒಂದು ಸವಾಲನ್ನು ಮಾತ್ರ ಮೊದಲೇ ಊಹಿಸಿ ತಪ್ಪಿಸಿಕೊಳ್ಳಬಹುದು. ಇಲ್ಲಿ ಆ ಸಂಭವ ಹನ್ನೊಂದರಲ್ಲಿ ಒಂದು. ನಿಜವಾದ ಬಳಕೆಯಲ್ಲಿ ಸವಾಲುಗಳ ಸಂಖ್ಯೆ 2ರ 128ನೆಯ ಘಾತದಷ್ಟಿರಬಹುದು. ಇಪ್ಪತ್ತು ಸಾವಿರ ಸುತ್ತುಗಳ ಕೆಲಸ ಒಂದೇ ಸುತ್ತಿನಲ್ಲಿ ಮುಗಿಯಿತು.

ಗುಟ್ಟು ಸೋರುವುದಿಲ್ಲವೆಂಬುದಕ್ಕೆ ಆಧಾರವೇನು? ನಾವು ಬಾವಿಯ ಬಳಿ ಕಂಡುಕೊಂಡ ಪರೀಕ್ಷೆಯನ್ನೇ ಇಲ್ಲಿಯೂ ಮಾಡೋಣ. 7ನ್ನರಿಯದ ನಾವು ಉತ್ತರ 8, ಸವಾಲು 4 ಎಂದು ಮೊದಲೇ ಇಟ್ಟುಕೊಂಡು, ಅವಕ್ಕೆ ಹೊಂದುವ ಮುಂಗಡವನ್ನು ಹಿಂದಿನಿಂದ ಲೆಕ್ಕ ಹಾಕುತ್ತೇವೆ. 2⁸ ಎಂದರೆ 3; 13ರ ನಾಲ್ಕನೆಯ ಘಾತ 18; ಮುಂಗಡ 4 ಆದರೆ 4 × 18 = 72, ಶೇಷ 3. ಸರಿಹೋಯಿತು! ಮುಂಗಡ 4, ಸವಾಲು 4, ಉತ್ತರ 8 ಎಂಬ ಈ ಕಡತವನ್ನು ನಿಜವಾದ ಆಟದ ಕಡತದಿಂದ ಬೇರ್ಪಡಿಸಲಾಗದು. ಸವಾಲುಗಳನ್ನು ಪ್ರಾಮಾಣಿಕವಾಗಿ ಚೀಟಿ ಎತ್ತಿದಂತೆ ಆರಿಸುವ ಪರೀಕ್ಷಕನಿಗೆ, ತಾನೇ ಬರೆದುಕೊಳ್ಳಬಹುದಾದದ್ದಕ್ಕಿಂತ ಹೆಚ್ಚೇನೂ ದೊರೆಯಲಿಲ್ಲ. ಹಾಗಾದರೆ ಅವನು ನಂಬುವುದೇಕೆ? ಮುಂಗಡ ಮೊದಲು ಬಂದು ಸವಾಲು ಆಮೇಲೆ ಹೋಯಿತೆಂಬುದು ಅವನಿಗೆ ಗೊತ್ತು. ಆ ಅನುಕ್ರಮದಲ್ಲಿಯೇ ರುಜುವಾತಿನ ಬಲವಿದೆ.

ಇಷ್ಟು ಬಲವಾದ ಉಪಾಯವೂ ಅಜಾಗರೂಕತೆಯನ್ನು ಸಹಿಸುವುದಿಲ್ಲ. ವಾದಿಯು ಸೋಮಾರಿತನದಿಂದ ಎರಡು ಸಲಕ್ಕೂ ಒಂದೇ ಯಾದೃಚ್ಛಿಕ ಸಂಖ್ಯೆಯನ್ನು ಬಳಸಿದರೆ ಒಂದೇ ಮುಂಗಡಕ್ಕೆ ಎರಡು ಉತ್ತರಗಳು ಸಿಕ್ಕಿ, ಮೇಲಿನ ಲೆಕ್ಕದಂತೆ ಗುಟ್ಟು ಬಯಲಾಗುತ್ತದೆ. ಇದೇ ಕುಲಕ್ಕೆ ಸೇರಿದ ಒಂದು ಸಹಿಯ ಕ್ರಮವನ್ನು ಸೋನಿ ಸಂಸ್ಥೆಯು ತನ್ನ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರದಲ್ಲಿ ಬಳಸಿತ್ತು. ಪ್ರತಿ ಸಹಿಗೂ ಬದಲಾಗಬೇಕಾಗಿದ್ದ ಸಂಖ್ಯೆ ಅದರಲ್ಲಿ ಬದಲಾಗುತ್ತಲೇ ಇರಲಿಲ್ಲ. 2010ರ ಡಿಸೆಂಬರಿನಲ್ಲಿ ಕೆಲವು ಚತುರರು ಪ್ರೌಢಶಾಲೆಯ ಬೀಜಗಣಿತದಿಂದಲೇ ಸಂಸ್ಥೆಯ ಗುಪ್ತ ಕೀಲಿಯನ್ನು ಹೊರತೆಗೆಯಬಹುದೆಂದು ತೋರಿಸಿದರು.

ಪರೀಕ್ಷಕನಿಲ್ಲದ ಪರೀಕ್ಷೆ

ಇನ್ನೊಂದು ಅನಾನುಕೂಲ ಉಳಿದಿತ್ತು. ಸವಾಲು ಹಾಕಲು ಪರೀಕ್ಷಕನು ಎದುರಿಗಿರಬೇಕು. ಸಾವಿರ ಮಂದಿಯನ್ನು ನಂಬಿಸಬೇಕಾದರೆ ಸಾವಿರ ಸಲ ಆಡಬೇಕು. 1986ರಲ್ಲಿಯೇ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಆಮೋಸ್ ಫಿಯಟ್ ಮತ್ತು ಆದಿ ಶಮೀರ್ ಇದಕ್ಕೆ ಪರಿಹಾರವನ್ನು ಸೂಚಿಸಿದ್ದರು. ಸವಾಲನ್ನು ಮನುಷ್ಯನು ಕೊಡಬೇಕಾಗಿಲ್ಲ. ಮುಂಗಡವನ್ನೂ ಹೇಳಬೇಕಾದ ಸಂದೇಶವನ್ನೂ ಕೂಡಿಸಿ ಅರೆದ ಮುದ್ರೆಯೇ ಸವಾಲಾಗಲಿ. ಮುಂಗಡವನ್ನು ನಿಶ್ಚಯಿಸುವ ಮೊದಲು ಮುದ್ರೆ ಏನು ಬರುವುದೆಂದು ವಾದಿಗೂ ತಿಳಿಯದು. ಆದಕಾರಣ ಹಿಂದಿನಿಂದ ಲೆಕ್ಕ ಹಾಕುವ ಮೋಸ ಸಾಗದು. ಹೀಗೆ ರುಜುವಾತು ಒಂದು ಪತ್ರದಂತಾಗಿ, ಯಾರು ಯಾವಾಗ ಬೇಕಾದರೂ ಪರೀಕ್ಷಿಸುವಂತಾಯಿತು. ಇಂದಿನ ಎಷ್ಟೋ ವಿದ್ಯುನ್ಮಾನ ಸಹಿಗಳ ಅಡಿಪಾಯ ಇದೇ; ಶ್ನೋರನ ಮಾದರಿಯ ಸಹಿಗೆ 64 ಬೈಟುಗಳು ಸಾಕು.

ಈ ಸಂಶೋಧನೆಗೆ ಸಂಬಂಧಿಸಿದ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ಗ್ರಂಥಕರ್ತರು ಅಮೆರಿಕದಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದರು. 1987ರ ಜನವರಿಯಲ್ಲಿ, ಸೈನ್ಯದ ಕೋರಿಕೆಯಂತೆ, ಈ ವಿಷಯವನ್ನು ರಹಸ್ಯವಾಗಿಡಬೇಕೆಂದು ಅವರಿಗೆ ಆಜ್ಞೆ ಬಂದಿತು. ಅವರು ಅಮೆರಿಕದ ಪ್ರಜೆಗಳೂ ಅಲ್ಲ. ವಿಷಯವನ್ನು ಸಭೆಗಳಲ್ಲಿ ಆಗಲೇ ಎಲ್ಲರ ಮುಂದೆ ಹೇಳಿಯೂ ಆಗಿತ್ತು! ವಿದ್ವಾಂಸರ ಆಕ್ಷೇಪಣೆಯ ಮೇಲೆ ಆಜ್ಞೆಯನ್ನು ಬೇಗನೆ ಹಿಂದಕ್ಕೆ ಪಡೆಯಲಾಯಿತು. ಗುಟ್ಟನ್ನು ಕಾಯುವ ವಿದ್ಯೆಯನ್ನೇ ಗುಟ್ಟಾಗಿಡಲು ಹೊರಟದ್ದು ವಿಪರ್ಯಾಸವಲ್ಲವೆ?

ಉದ್ದನೆಯ ಲೆಕ್ಕಕ್ಕೆ ಪುಟ್ಟ ರುಜುವಾತು

ಲಕ್ಷಾಂತರ ಹೆಜ್ಜೆಗಳ ಒಂದು ಲೆಕ್ಕವನ್ನು ಗಣಕಯಂತ್ರವು ಸರಿಯಾಗಿ ಮಾಡಿತೆಂದು ತೋರಿಸಬೇಕಾದರೆ ಹೇಗೆ? ಲೆಕ್ಕವನ್ನೆಲ್ಲ ಮತ್ತೆ ಮಾಡಿ ನೋಡುವುದಾದರೆ ಪ್ರಯೋಜನವಿಲ್ಲ. ಇಲ್ಲಿ ನೆರವಿಗೆ ಬರುವುದು ವಿದ್ಯಾರ್ಥಿಗಳಿಗೆ ಪರಿಚಯವಿರುವ ಬಹುಪದೋಕ್ತಿ. ಎರಡು ಬೇರೆ ಸರಳರೇಖೆಗಳು ಒಂದೇ ಬಿಂದುವಿನಲ್ಲಿ ಸಂಧಿಸಬಹುದು. ಎರಡು ಬೇರೆ ವರ್ಗೋಕ್ತಿಗಳ ಬೆಲೆಗಳು ಹೆಚ್ಚೆಂದರೆ ಎರಡೆಡೆ ಸಮವಾಗಬಹುದು. ಹತ್ತು ಲಕ್ಷ ಘಾತದವು ಹೆಚ್ಚೆಂದರೆ ಹತ್ತು ಲಕ್ಷ ಎಡೆಗಳಲ್ಲಿ. ನಾವು ಬಳಸುವ ಸಂಖ್ಯೆಗಳ ಭಂಡಾರ 1ರ ಮುಂದೆ 76 ಸೊನ್ನೆಗಳಷ್ಟು ದೊಡ್ಡದಾಗಿದ್ದರೆ, ಯಾದೃಚ್ಛಿಕವಾಗಿ ಆರಿಸಿದ ಒಂದೇ ಎಡೆಯಲ್ಲಿ ಎರಡು ಬೇರೆ ಉಕ್ತಿಗಳು ಸಮವಾಗುವ ಸಂಭವ ಇಲ್ಲವೆಂದೇ ಹೇಳಬಹುದು. ಆದುದರಿಂದ ಲೆಕ್ಕದ ಎಲ್ಲ ಹೆಜ್ಜೆಗಳನ್ನೂ ಸೇರಿಸಿ ಬಹುಪದೋಕ್ತಿಗಳ ಒಂದು ಸಮೀಕರಣವಾಗಿ ಹೆಣೆದರೆ, ಒಂದೆಡೆಯಲ್ಲಿ ಪರೀಕ್ಷಿಸಿದರೆ ಎಲ್ಲ ಹೆಜ್ಜೆಗಳನ್ನೂ ಪರೀಕ್ಷಿಸಿದಂತಾಗುತ್ತದೆ. ಒಂದು ಹೆಜ್ಜೆ ತಪ್ಪಿದ್ದರೂ ಆ ಕೆಡಕು ಉಕ್ತಿಯಲ್ಲೆಲ್ಲ ಹರಡಿ ಹೆಚ್ಚುಕಡಿಮೆ ಪ್ರತಿಯೊಂದೆಡೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ.

ರುಜುವಾತನ್ನು ಲೆಕ್ಕಕ್ಕಿಂತ ಬಹಳ ಚಿಕ್ಕದಾಗಿ ಮಾಡಬಹುದೆಂದು 1992ರಲ್ಲಿ ಜೋ ಕಿಲಿಯನ್ ತೋರಿಸಿದ್ದನು. 2016ರಲ್ಲಿ ಯೆನ್ಸ್ ಗ್ರೋತ್ ಕೊಟ್ಟ ಕ್ರಮದಲ್ಲಿ ರುಜುವಾತು ಮೂರೇ ಘಟಕಗಳಿಗೆ ಇಳಿಯಿತು. ಸಾಮಾನ್ಯವಾಗಿ ಬಳಸುವ ಒಂದು ವಕ್ರರೇಖೆಯಲ್ಲಿ ಅದು 192 ಬೈಟುಗಳು. ಲೆಕ್ಕಕ್ಕೆ ಸಾವಿರ ಹೆಜ್ಜೆಯಿರಲಿ, ಕೋಟಿಯಿರಲಿ, 192 ಬೈಟೇ! ನಮ್ಮ ಭೂಪಟದ ಇಪ್ಪತ್ತೈದು ಕೋಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಆದರೆ ದಕ್ಷತೆ ಎಂಬುದು ಒಂದೇ ಅಳತೆಯಲ್ಲ. ರುಜುವಾತಿನ ಗಾತ್ರ, ಪರೀಕ್ಷಿಸುವ ಶ್ರಮ, ತಯಾರಿಸುವ ಶ್ರಮ, ಮೊದಲೇ ಮಾಡಿಡಬೇಕಾದ ಸಿದ್ಧತೆ ಎಂದು ನಾಲ್ಕು ಬೆಲೆಗಳಿವೆ. ಒಂದನ್ನು ಇಳಿಸಿದರೆ ಇನ್ನೊಂದು ಏರುವುದುಂಟು. 2016ರಲ್ಲಿ ಜೀಕ್ಯಾಶ್ ಎಂಬ ವಿದ್ಯುನ್ಮಾನ ನಾಣ್ಯ ಆರಂಭವಾಯಿತು. ಕೊಟ್ಟವನಾರು, ಪಡೆದವನಾರು, ಮೊಬಲಗೆಷ್ಟು ಎಂಬುದನ್ನು ತೋರಿಸದೆ ವ್ಯವಹಾರ ನ್ಯಾಯವಾಗಿದೆಯೆಂದು ಮಾತ್ರ ರುಜುಪಡಿಸುವುದು ಇದರ ಉದ್ದೇಶ. ಮೊದಲು ಒಂದು ರುಜುವಾತನ್ನು ತಯಾರಿಸಲು ಸುಮಾರು 40 ಸೆಕೆಂಡುಗಳೂ ಮೂರು ಗಿಗಾಬೈಟಿನಷ್ಟು ಸ್ಮರಣೆಯೂ ಬೇಕಾಗುತ್ತಿದ್ದವು; 2018ರ ಸುಧಾರಣೆಯಿಂದ ಕೆಲವೇ ಸೆಕೆಂಡುಗಳೂ ಸುಮಾರು 40 ಮೆಗಾಬೈಟುಗಳೂ ಸಾಕಾದವು.

ಈ ಕ್ರಮದ ಸಿದ್ಧತೆಯಲ್ಲಿ ಒಂದು ಅಪಾಯವಿದೆ. ಪರೀಕ್ಷೆಯ ಗುಪ್ತ ಎಡೆಯನ್ನು ಒಮ್ಮೆ ಆರಿಸಿ, ಅದರಿಂದ ಕೆಲವು ಸಂಖ್ಯೆಗಳನ್ನು ಮಾಡಿ ಪ್ರಕಟಿಸಿ, ಮೂಲವನ್ನು ನಾಶಮಾಡಬೇಕು. ಮೂಲ ಯಾರ ಕೈಯಲ್ಲಾದರೂ ಉಳಿದರೆ ಅವನು ಸುಳ್ಳು ರುಜುವಾತುಗಳನ್ನು ಟಂಕಿಸಬಹುದು. 2016ರಲ್ಲಿ ಆರು ಮಂದಿ ಬೇರೆಬೇರೆ ಸ್ಥಳಗಳಲ್ಲಿದ್ದು ಈ ಕೆಲಸವನ್ನು ಹಂಚಿಕೊಂಡರು. ಅವರಲ್ಲಿ ಒಬ್ಬನು ಪ್ರಾಮಾಣಿಕನಾಗಿದ್ದರೂ ಸಾಕು. ಅಪಾಯ ಬಂದದ್ದು ಬೇರೆ ದಿಕ್ಕಿನಿಂದ. 2018ರ ಮಾರ್ಚಿನಲ್ಲಿ ಏರಿಯಲ್ ಗಾಬಿಜಾನ್ ಎಂಬ ಗಣಿತಜ್ಞನು, ಆಧಾರವಾಗಿದ್ದ 2014ರ ಪ್ರಬಂಧದಲ್ಲಿಯೇ ತಪ್ಪನ್ನು ಕಂಡನು. ಪ್ರಕಟಿಸಬಾರದ ಕೆಲವು ಸಂಖ್ಯೆಗಳು ಪ್ರಕಟವಾಗಿದ್ದವು; ಅವುಗಳಿಂದ ಇಲ್ಲದ ಹಣವನ್ನು ಸೃಷ್ಟಿಸುವುದು ಸಾಧ್ಯವಿತ್ತು. ನಾಲ್ಕು ವರ್ಷ ತಜ್ಞರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಹೊಸ ಕ್ರಮ ಬಂದು ದೋಷ ನೀಗಿತು. 2019ರ ಫೆಬ್ರವರಿಯಲ್ಲಿ ವಿಷಯವನ್ನು ಬಹಿರಂಗಪಡಿಸಿದರು. ಯಾರೂ ಅದನ್ನು ದುರುಪಯೋಗಪಡಿಸಿಕೊಂಡ ಸುಳಿವು ಕಾಣಲಿಲ್ಲವೆಂದು ನಿರ್ವಾಹಕರು ತಿಳಿಸಿದರು. ಆದರೆ ಏನನ್ನೂ ತೋರಿಸದಿರುವುದೇ ಇದರ ಗುಣವಾದುದರಿಂದ, ಕಳ್ಳತನವಾಗಿದ್ದರೂ ಸುಳಿವು ಸುಲಭವಾಗಿ ಕಾಣದು! ಮರೆ ಎಂಬುದು ಸಜ್ಜನನಿಗೂ ಮರೆ, ಕಳ್ಳನಿಗೂ ಮರೆ.

ಗುಪ್ತ ಸಿದ್ಧತೆ ಬೇಡದ ಕ್ರಮಗಳೂ ಇವೆ. 2018ರಲ್ಲಿ ಎಲಿ ಬೆನ್-ಸಾಸನ್ ಮತ್ತು ಸಂಗಡಿಗರು ಹ್ಯಾಷ್ ಮುದ್ರೆಗಳನ್ನೇ ನಂಬಿದ ಸ್ಟಾರ್ಕ್ ಎಂಬುದನ್ನು ಕೊಟ್ಟರು. ಘಾತಸೂಚಿಯನ್ನು ಹುಡುಕುವ ಪ್ರಶ್ನೆಯನ್ನು ದೊಡ್ಡ ಕ್ವಾಂಟಮ್ ಗಣಕಯಂತ್ರವು ಬಿಡಿಸಬಲ್ಲುದೆಂದು 1994ರಲ್ಲಿಯೇ ಪೀಟರ್ ಶೋರ್ ತೋರಿಸಿರುವುದರಿಂದ ಈ ಕ್ರಮಕ್ಕೆ ಮಹತ್ತ್ವ ಬಂದಿದೆ. ಮುದ್ರೆಗಳನ್ನು ಮುರಿಯಲು ಆ ಉಪಾಯ ಸಾಲದು. ಆದರೆ ಇದರ ರುಜುವಾತು ಹತ್ತಾರು ಸಾವಿರ ಬೈಟುಗಳಿಂದ ಲಕ್ಷಗಳವರೆಗೆ ಹೋಗುತ್ತದೆ. ಗಾತ್ರ, ಶ್ರಮ, ನಂಬಿಕೆ ಇವುಗಳಲ್ಲಿ ಯಾವುದು ಅಗ್ಗವಾಗಿರಬೇಕೆಂಬುದನ್ನು ಕೆಲಸವೇ ನಿರ್ಧರಿಸಬೇಕು.

ಸಿಡಿತಲೆಯ ಪರೀಕ್ಷೆ

ಈ ತತ್ತ್ವ ಗಣಕಯಂತ್ರದ ಹೊರಗೂ ಕಾಲಿಟ್ಟಿದೆ. ಪರಮಾಣು ನಿಶ್ಶಸ್ತ್ರೀಕರಣದಲ್ಲಿ ಒಂದು ಹಳೆಯ ತೊಡಕುಂಟು. ಒಂದು ರಾಷ್ಟ್ರವು ನಾಶಮಾಡಲು ತಂದದ್ದು ನಿಜವಾದ ಸಿಡಿತಲೆಯೋ ಬರಿಯ ಡಬ್ಬಿಯೋ ಎಂದು ಪರೀಕ್ಷಕರು ತಿಳಿಯಬೇಕು. ಸಿಡಿತಲೆಯ ರಚನೆಯನ್ನು ಮಾತ್ರ ಅವರು ಕಾಣಬಾರದು. 2014ರಲ್ಲಿ ಅಲೆಕ್ಸಾಂಡರ್ ಗ್ಲೇಸರ್, ಬೋವಜ್ ಬರಾಕ್ ಮತ್ತು ರಾಬರ್ಟ್ ಗೋಲ್ಡ್‌ಸ್ಟನ್ ಇದಕ್ಕೆ ಒಂದು ಉಪಾಯವನ್ನು ಮುಂದಿಟ್ಟರು. ವಸ್ತುವಿನ ಮೂಲಕ ನ್ಯೂಟ್ರಾನುಗಳನ್ನು ಹಾಯಿಸಿ ಹಿಂದೆ ಶೋಧಕಗಳನ್ನಿಡುವುದು. ಆದರೆ ಅವುಗಳಲ್ಲಿ ಆತಿಥೇಯ ರಾಷ್ಟ್ರವು ಮೊದಲೇ ಎಣಿಕೆಗಳನ್ನು ತುಂಬಿರುತ್ತದೆ. ನಿಜವಾದ ಸಿಡಿತಲೆಯಿಂದ ಎಷ್ಟು ಬರಬೇಕೋ ಅದಕ್ಕೆ ಪೂರಕವಾಗುವಷ್ಟು. ಸಿಡಿತಲೆ ನಿಜವಾಗಿದ್ದರೆ ಎಲ್ಲ ಶೋಧಕಗಳಲ್ಲಿಯೂ ಮೊತ್ತ ಒಂದೇ; ಚಿತ್ರವೇ ಇಲ್ಲ. ಸುಳ್ಳಾಗಿದ್ದರೆ ಏರುಪೇರು ಕಾಣುತ್ತದೆ. ಆತಿಥೇಯನು ಪೂರಕವನ್ನೇ ಸುಳ್ಳಾಗಿ ತುಂಬಿದರೆ? ಯಾವ ಶೋಧಕ ಯಾವ ವಸ್ತುವಿನ ಹಿಂದೆ ಹೋಗಬೇಕೆಂಬುದನ್ನು ಪರೀಕ್ಷಕನು ಕಾಸು ಚಿಮ್ಮಿದಂತೆ ಆಗ ನಿರ್ಧರಿಸುತ್ತಾನೆ. ಎರಡು ಬಾವಿಗಳ ಆಟವೇ ಇಲ್ಲಿಯೂ! 2016ರಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಮ್ ಘನಗಳ ಜೋಡಣೆಗಳ ಮೇಲೆ ಇದರ ಪ್ರಯೋಗ ನಡೆದು ಸಫಲವಾಯಿತು.

ವಯಸ್ಸು ಹದಿನೆಂಟು ದಾಟಿದೆಯೆಂದು ತೋರಿಸಲು ಹುಟ್ಟಿದ ದಿನ, ಹೆಸರು, ವಿಳಾಸಗಳೆಲ್ಲ ಇರುವ ಪತ್ರವನ್ನು ಅಪರಿಚಿತರ ಕೈಗೆ ಕೊಡುತ್ತೇವೆ. ಕೇಳಿದ ಪ್ರಶ್ನೆ ಒಂದು, ಕೊಟ್ಟ ಉತ್ತರ ಹತ್ತು. ಪ್ರಶ್ನೆಗೆ ತಕ್ಕಷ್ಟೇ ಉತ್ತರ ಕೊಟ್ಟು, ಅದರ ಸತ್ಯವನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಬಹುದೆಂಬುದು ಗಣಿತವು ನಮಗೆ ಕೊಟ್ಟಿರುವ ಭರವಸೆ. ಅದನ್ನು ಜಾಗರೂಕತೆಯಿಂದ ಯಂತ್ರಕ್ಕಿಳಿಸುವ ಹೊಣೆ ಮನುಷ್ಯರದು. ಸೋನಿಯ ಸಂಖ್ಯೆ, 2014ರ ಪ್ರಬಂಧ ಇವೆರಡೂ ಆ ಹೊಣೆಯ ಭಾರವನ್ನು ನೆನಪಿಸುತ್ತವೆ. ಟಾರ್ಟಾಲಿಯನ ಕಾಲದಲ್ಲಿ ವಿದ್ಯೆಯನ್ನು ಬಚ್ಚಿಟ್ಟುಕೊಂಡವನು ಅದನ್ನು ಸ್ವಲ್ಪವಾದರೂ ಬಿಟ್ಟುಕೊಡದೆ ಪಂದ್ಯ ಗೆಲ್ಲುವಂತಿರಲಿಲ್ಲ. ಇಂದಿನ ವಿದ್ಯಾರ್ಥಿಯು ಕಾಗದ ಪೆನ್ಸಿಲು ಹಿಡಿದು, 23ರ ಶೇಷಗಳಲ್ಲಿ ತನ್ನ ಗೆಳೆಯನೊಡನೆ ಅದೇ ಪಂದ್ಯವನ್ನಾಡಿ, ಗುಟ್ಟನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಹೋಗಬಹುದು.